ಎತ್ತರದ ಹುಡುಗಿಯ ಎಡ ಮಂಡಿ

2014ರ ಬೇಸಿಗೆಯಲ್ಲಿ ನನ್ನ ಮಗಳಿಗೆ ಹದಿನಾರು ವರ್ಷ. ಅಮೆರಿಕದ ಮಾರಿಸ್‌ವಿಲ್ ಎಂಬ ಊರಿನ ಒಂದು ಜಿಮ್‌ನಲ್ಲಿ ವಾರಕ್ಕೆ ಮೂರು ಸಂಜೆ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದಳು. ಆಡುತ್ತಿದ್ದಳು ಎನ್ನುವುದಕ್ಕಿಂತ ಬೆಂಚಿನ ಮೇಲೆ ಕೂತಿರುತ್ತಿದ್ದಳು ಎನ್ನಬೇಕು. ಆದರೂ ಒಂದು ದಿನ ತಪ್ಪಿಸಿದವಳಲ್ಲ. ಅದಕ್ಕೆ ಕಾರಣ ಅವರ ಕೋಚ್.

ಕೋಚ್ ಐವತ್ತು ದಾಟಿದ ಕಪ್ಪು ಹೆಂಗಸು. ಹಗಲೆಲ್ಲ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸಿ, ಸಂಜೆ ಈ ತಂಡ ನೋಡಿಕೊಳ್ಳುತ್ತಿದ್ದರು. ಬೆಂಚಿನಲ್ಲಿ ಕೂತವರನ್ನೂ ಹೆಸರು ಹಿಡಿದು ಕರೆದು, "ಈಗ ಅಲ್ಲಿ ಏನು ತಪ್ಪಾಯಿತು, ಹೇಳು" ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ಕೋಚ್ ಆಗಬೇಕೆಂಬುದು ಅವರ ಹಳೆಯ ಆಸೆ. ಎಷ್ಟೋ ಕಡೆ ಅರ್ಜಿ ಹಾಕಿದ್ದರು, ಯಾರೂ ಕರೆದಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಹುಬ್ಬಳ್ಳಿಯಲ್ಲಿ ಓದಿ, ಇಲ್ಲಿಗೆ ಬಂದು ಮತ್ತೆ ಪರೀಕ್ಷೆ ಬರೆದು, ಹತ್ತಿರದ ಊರು ಏಪೆಕ್ಸ್‌ನ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಹಾಗಾಗಿ ಆಟಕ್ಕೆ ಮುಂಚೆ ಹುಡುಗಿಯರ ಕಾಲು ಉಳುಕದಂತೆ ಟೇಪ್ ಸುತ್ತುವುದು ನನ್ನ ಪಾಲಿಗೆ ಬಂದಿತ್ತು. ಅವರೆಲ್ಲ ನನ್ನನ್ನು ಆಂಟಿ ಎಂದೇ ಕರೆಯುತ್ತಿದ್ದರು.

ತಂಡದಲ್ಲಿ ಒಬ್ಬ ಹುಡುಗಿ ಎಲ್ಲರಿಗಿಂತ ಒಂದು ತಲೆ ಎತ್ತರ. ಹನ್ನೊಂದನೆಯ ವಯಸ್ಸಿನಿಂದ ಈ ಕೋಚ್ ಕೈಯಲ್ಲೇ ಬೆಳೆದವಳು. ತಾಯಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದುದರಿಂದ ಹುಡುಗಿ ಎಷ್ಟೋ ಸಲ ಕೋಚ್ ಮನೆಯಲ್ಲೇ ಉಣ್ಣುತ್ತಿದ್ದಳು. ಅವಳ ಆಟ ನೋಡಲು ಆ ವರ್ಷ, ಓದಿನ ಖರ್ಚು ಕೊಟ್ಟು ತಮ್ಮ ತಂಡಕ್ಕೆ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಕಾಲೇಜುಗಳ ಜನ ಬರತೊಡಗಿದರು. ತಂತಮ್ಮ ಕಾಲೇಜಿನ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಜೂನ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ಒಂದು ಕಾಲೇಜು ನಮ್ಮ ಕೋಚ್‌ಗೆ ಅಸಿಸ್ಟೆಂಟ್ ಕೋಚ್ ಕೆಲಸ ಕೊಡುತ್ತೇವೆಂದಿತು. ಕೋಚ್ ಹೋದಲ್ಲಿಗೆ ಸ್ಕೂಲು ಮುಗಿದ ಮೇಲೆ ಹುಡುಗಿಯೂ ಬರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೋಚ್ ನನ್ನೊಡನೆ ಒಮ್ಮೆ ಮಾತ್ರ ಅಂದರು: "ಅವರಿಗೆ ಬೇಕಾಗಿರೋದು ನಾನಲ್ಲ ಅಂತ ಗೊತ್ತು. ಆದ್ರೂ ಒಳಗೆ ಕಾಲಿಟ್ಟ ಮೇಲೆ ನಾನೇನು ಅಂತ ತೋರಿಸ್ತೀನಿ." ಸ್ಕೂಲಿಗೆ ರಾಜೀನಾಮೆ ಕೊಟ್ಟರು. ಜುಲೈನಲ್ಲಿ ಅಟ್ಲಾಂಟಾದಲ್ಲಿ ನಡೆಯುವ ಟೂರ್ನಮೆಂಟ್ ಈ ತಂಡದೊಂದಿಗೆ ಅವರ ಕೊನೆಯ ಆಟ ಎಂದಾಯಿತು.

ಅಟ್ಲಾಂಟಾಕ್ಕೆ ಹೊರಡುವ ಮುಂಚಿನ ವಾರ ಟೇಪ್ ಸುತ್ತುವಾಗ ಹುಡುಗಿಯ ಎಡ ಮಂಡಿ ಸ್ವಲ್ಪ ಊದಿದ್ದು ಕೈಗೆ ತಿಳಿಯಿತು. ಅವಳು ಹಾರಿ ಕೆಳಗಿಳಿಯುವಾಗ ಆ ಮಂಡಿ ಒಳಕ್ಕೆ ವಾಲುತ್ತಿತ್ತು.

"ನೋವಿದೆಯಾ?" ಎಂದೆ.

"ಏನಿಲ್ಲ ಆಂಟಿ. ಐಸ್ ಹಾಕಿದ್ರೆ ಹೋಗುತ್ತೆ," ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಕೋಚ್‌ಗೆ ಹೇಳಬೇಡಿ," ಎಂದಳು.

ನನ್ನ ಕ್ಲಿನಿಕ್ಕಿಗೆ ಬಂದ ರೋಗಿಯಾಗಿದ್ದರೆ ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಅಂದು ಸುಮ್ಮನೆ ಮನೆಗೆ ಬಂದೆ. ಗಂಡನಿಗೆ ಹೇಳಿದಾಗ ಅವರು, "ನೀ ಯಾಕ ನಡುವ ಹೋಗ್ತಿ? ಆ ಕೋಚಿಂದು ಕಾಲೇಜಿನ ಕೆಲಸ ಕೆಟ್ಟೀತು. ಅಟ್ಲಾಂಟಾ ಮುಗೀಲಿ, ಆಮ್ಯಾಲೆ ಹೇಳಿದ್ರಾತು," ಎಂದರು. ನನಗೂ ಬೇಕಾಗಿದ್ದುದು ಅದೇ ಮಾತು. ಕೋಚ್ ಮುಖದಲ್ಲಿ ಆ ವಾರವಿದ್ದ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಿರಲಿಲ್ಲ.

ಅಟ್ಲಾಂಟಾದಲ್ಲಿ ಎರಡನೆಯ ದಿನ, ಮಧ್ಯಾಹ್ನದ ಆಟ. ಹುಡುಗಿ ಚೆಂಡಿಗಾಗಿ ಹಾರಿದಳು, ಇಳಿದಳು, ಕೂಗಿಕೊಂಡು ಕುಸಿದಳು. ನಾನು ಓಡಿಹೋಗಿ ಮಂಡಿ ಮುಟ್ಟಿದ ಕೂಡಲೇ ಎಲುಬುಗಳನ್ನು ಹಿಡಿದಿಡುವ ಒಳಗಿನ ಲಿಗಮೆಂಟ್ ಹರಿದಿರಬೇಕು ಅನ್ನಿಸಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಲೆಯೆತ್ತಿ ನೋಡಿದರೆ ಮುಂದಿನ ಸಾಲಿನವರಲ್ಲಿ ಇಬ್ಬರು ಆಗಲೇ ಎದ್ದು ಪಕ್ಕದ ಕೋರ್ಟಿನ ಕಡೆ ನಡೆದಿದ್ದರು.

ಮೂರು ವಾರ ಕಳೆದ ಮೇಲೆ ಆ ಕಾಲೇಜಿನಿಂದ ಫೋನ್ ಬಂತು. ಕೋಚ್‌ಗೆ ಕೊಡಬೇಕೆಂದಿದ್ದ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು. ಅವರ ಬೆನ್ನಿಗೂ ಒಬ್ಬ ಒಳ್ಳೆಯ ಆಟಗಾರ್ತಿ ಇದ್ದಳಂತೆ. ಸ್ಕೂಲಿನಲ್ಲಿ ಕೋಚ್‌ನ ಹಳೆಯ ಜಾಗ ಅಷ್ಟರಲ್ಲಿ ತುಂಬಿಹೋಗಿತ್ತು.

ನಾನು ಕೋಚ್ ಮನೆಗೆ ಹೋದೆ. ಸೋಫಾದ ಮೇಲೆ ಹುಡುಗಿ ಕಾಲು ಚಾಚಿ ಮಲಗಿ ನಿದ್ದೆ ಹೋಗಿದ್ದಳು. ಆಪರೇಷನ್ ಆದ ಮೇಲೆ ಅಲ್ಲೇ ಇದ್ದಳು. ಅಡುಗೆಮನೆಯಲ್ಲಿ ನಿಂತೇ ಕೋಚ್‌ಗೆ ಹೇಳಿದೆ.

"ನನಗೆ ಮುಂಚೆಯೇ ಗೊತ್ತಿತ್ತು. ಮಂಡಿ ಊದಿತ್ತು. ನಾನು ಹೇಳಲಿಲ್ಲ."

ಅವರು ನಲ್ಲಿ ನಿಲ್ಲಿಸಿದರು. "ಆರು ವರ್ಷದಿಂದ ಆ ಹುಡುಗಿ ನಡೆಯೋದು ನೋಡ್ತಿದ್ದೀನಿ," ಎಂದರು. "ನನಗೆ ಕಾಣಲಿಲ್ಲ ಅಂದುಕೊಂಡ್ಯಾ?"

ಸೋಫಾದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಅವರು ಮತ್ತೆ ಹೇಳಿದರು: "ಒಂದೇ ಒಂದು ವಾರ ತಡೆದುಕೊಂಡ್ರೆ ಸಾಕು ಅಂತ ಅನ್ಕೊಂಡೆ. ಅವಳಿಗಾಗಿ ಅಂತ ನನಗೆ ನಾನೇ ಹೇಳ್ಕೊಂಡೆ."

ಹುಡುಗಿಯ ತಾಯಿಗೆ ಹೇಳಬೇಕೆಂದು ಇಬ್ಬರೂ ಒಪ್ಪಿದೆವು. ಮರುದಿನ ಹೋಗಿ ಹೇಳಿದೆವು. ಆಕೆ ಪೂರ್ತಿ ಕೇಳಿಸಿಕೊಂಡರು, ಬಯ್ಯಲಿಲ್ಲ. "ಇದನ್ನ ನೀವೇ ಅವಳಿಗೆ ಹೇಳಿ," ಎಂದಷ್ಟೇ ಅಂದರು. ಹೇಳಿದೆವು. ಹುಡುಗಿ ಕಂಬಳಿ ಮುಖಕ್ಕೆಳೆದುಕೊಂಡು ಅತ್ತಳು. ಕೆಲವು ದಿನ ಕೋಚ್ ಜೊತೆ ಮಾತು ಬಿಟ್ಟಳು. ನನ್ನ ಮಗಳು ಕಾರಿನಲ್ಲಿ ಕೇಳಿದಳು: "ಅಮ್ಮಾ, ನೀನು ಥೆರಪಿಸ್ಟ್ ಅಲ್ವಾ? ವೈ ಡಿಡಂಟ್ ಯು ಸೇ ಎನಿಥಿಂಗ್?"

ಆಮೇಲೆ ಎಂಟು ತಿಂಗಳು ಆ ಮಂಡಿಗೆ ವ್ಯಾಯಾಮ ಮಾಡಿಸಿದವಳು ನಾನೇ. ಮೊದಲ ದಿನಗಳಲ್ಲಿ ಹುಡುಗಿ ಎಷ್ಟು ಕೇಳಿದರೆ ಅಷ್ಟೇ ಉತ್ತರ ಕೊಡುತ್ತಿದ್ದಳು. ಚಳಿಗಾಲದ ಹೊತ್ತಿಗೆ ಮತ್ತೆ ಆಂಟಿ ಎಂದಳು. ಮನೆಯ ಹತ್ತಿರದ ಒಂದು ಸಣ್ಣ ಕಾಲೇಜು ಸೇರಿ ಎರಡು ವರ್ಷ ಆಡಿದಳು. ಮಂಡಿ ತಡೆಯದೆ ಆಟ ಬಿಟ್ಟು, ಓದು ಮುಗಿಸಿದಳು. ಕೋಚ್ ವಾಷಿಂಗ್ಟನ್ ಬಳಿ ತಮ್ಮ ಅಕ್ಕ ಇದ್ದ ಊರಿಗೆ ಹೋಗಿ ಅಲ್ಲಿನ ಸ್ಕೂಲೊಂದರಲ್ಲಿ ಕಲಿಸತೊಡಗಿದರು. ಹುಡುಗಿಯ ಕಾಲೇಜು ಗ್ರ್ಯಾಜುಯೇಷನ್‌ಗೆ ಅಲ್ಲಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು. ನಾನೂ ಹೋಗಿದ್ದೆ. ಹುಡುಗಿ ವೇದಿಕೆ ಹತ್ತುವಾಗ ನಾವಿಬ್ಬರೂ ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದೆವು.