ಒಂದು ಕೈ ಕಡಿಮೆ ಉಂಟು

ನಮ್ಮ ಆಟದ ಟೀಚರಿಗೆ ಎಡಗಿವಿ ಅರ್ಧವೇ ಇತ್ತು. ಮೇಲಿನ ಭಾಗ ಇರಲಿಲ್ಲ. ಉಳಿದದ್ದು ಇಲಿ ಕಡಿದ ಹಪ್ಪಳದ ಅಂಚಿನ ಹಾಗೆ ಕಾಣುತ್ತಿತ್ತು. ಅವರು ಅದನ್ನು ಕೂದಲಿನಿಂದ ಮುಚ್ಚುತ್ತಿರಲಿಲ್ಲ. ಜಡೆಯನ್ನು ಹಿಂದಕ್ಕೆ ಬಿಗಿದು ಕಟ್ಟಿ, ಉಳಿದ ಹಾಲೆಗೆ ಒಂದು ಬೆಂಡೋಲೆ ಹಾಕುತ್ತಿದ್ದರು. ನಿಮ್ಮ ಅಮ್ಮನ ಮದುವೆಯ ಫೋಟೊದಲ್ಲಿ ಅವರನ್ನು ನೋಡಿ ನೀವು ಕೇಳಿದಿರಿ, "ಅಜ್ಜಿ, ಇವರ ಕಿವಿಗೆ ಎಂತ ಆದದ್ದು?" ನಾನು ಪಾತ್ರೆ ತೊಳೆಯುವ ನೆಪ ಮಾಡಿ ಒಳಗೆ ಹೋದೆ. ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ಬರೆಯಬಲ್ಲೆ. ಆ ಕಿವಿಯನ್ನು ಹರಿದವರು ನಿಮ್ಮ ಅಜ್ಜ.

ಆಗ ನಾನು ಬಂಟ್ವಾಳದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ನಿಮ್ಮ ಅಮ್ಮ ಅಲ್ಲೇ ಒಂಬತ್ತನೆಯ ತರಗತಿಯಲ್ಲಿದ್ದಳು. ಟೀಚರು ಮುಂಡಾಜೆಯವರು. ಮದುವೆಯಾಗಿರಲಿಲ್ಲ. ಶಾಲೆಯ ಹಿಂದೆಯೇ ಒಂದು ಬಾಡಿಗೆ ಕೋಣೆಯಲ್ಲಿದ್ದರು.

ಕಬಡ್ಡಿ ಕಲಿಸುವಾಗ ಅವರಿಗೆ ಕರುಣೆ ಎಂಬುದಿರಲಿಲ್ಲ. ಏಳು ಹುಡುಗಿಯರನ್ನು ಕೈಗೆ ಕೈ ಹಿಡಿಸಿ ನಿಲ್ಲಿಸಿ, ತಾವೇ ರೈಡರ್ ಆಗಿ ಮೇಲೆ ನುಗ್ಗುತ್ತಿದ್ದರು. ಮೊಣಕೈ ಯಾರ ಪಕ್ಕೆಗೆ ತಾಗಿತು, ಮಂಡಿ ಯಾರ ಹೊಟ್ಟೆಗೆ ಬಡಿಯಿತು ಎಂದು ನೋಡುತ್ತಿರಲಿಲ್ಲ. ಹುಡುಗಿಯರು ಮಣ್ಣು ಉಗುಳಿ ಏಳುವರು. "ನೀನು ಹಿಡಿಯುವುದಾ, ಮದುಮಗಳ ಹಾಗೆ ಕೈ ಕೊಡುವುದಾ ಮಾರಾಯ್ತಿ?" ಎಂದು ಟೀಚರು ಹಂಗಿಸುವರು. ಅವರ ನಿಯಮ ಎರಡೇ. ಸುಣ್ಣದ ಗೆರೆ ದಾಟಿ ಒಳಗೆ ಬಂದವರನ್ನು ಮುಖ ನೋಡದೆ ಹಿಡಿಯಬೇಕು. ಹಿಡಿದ ಮೇಲೆ ಬಿಡಬಾರದು. "ಅರ್ಧದಲ್ಲಿ ಬಿಟ್ಟವಳಿಗೇ ಪೆಟ್ಟು ಜಾಸ್ತಿ" ಎನ್ನುತ್ತಿದ್ದರು. ಈ ನಿಯಮದ ದೆಸೆಯಿಂದ, ರಿಜಿಸ್ಟರ್ ಪತ್ರ ಹಿಡಿದುಕೊಂಡು ನೇರವಾಗಿ ಅಂಕಣದೊಳಗೆ ಬಂದ ಪೋಸ್ಟ್‌ಮ್ಯಾನ್ ಒಮ್ಮೆ ಮಣ್ಣು ಮುಕ್ಕಿದ್ದರು.

ಆಟ ಮುಗಿದ ಮೇಲೆ ಅದೇ ಟೀಚರು ನನ್ನ ಒಲೆಯಿಂದ ಬಿಸಿನೀರು ಒಯ್ದು, ಒಬ್ಬೊಬ್ಬಳ ತರಚಿದ ಮೊಣಕಾಲನ್ನು ತಾವೇ ತೊಳೆಯುತ್ತಿದ್ದರು.

ಯಾವಳಾದರೂ ಬಾರದಿದ್ದ ದಿನ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಲ್ಲುವರು. "ಅಕ್ಕ, ಒಂದು ಕೈ ಕಡಿಮೆ ಉಂಟು. ಬನ್ನಿ."

"ನನಗೆಲ್ಲಿ ಬರ್ತದೆ ಟೀಚರೇ?"

"ಸೌಟು ತಿರುಗಿಸುವ ಕೈ ಅಲ್ವಾ? ಗಟ್ಟಿ ಇರ್ತದೆ."

ಸೀರೆ ಎತ್ತಿ ಸಿಕ್ಕಿಸಿ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಮೂಲೆಯವಳ ಕೆಲಸ ರೈಡರ್‌ನ ಕಾಲಿನ ಹರಡು ಹಿಡಿಯುವುದು. ನಾಚಿಕೆಯಿಂದ ಮೊದಮೊದಲು ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಿದ್ದೆ. ಒಂದು ದಿನ ಎಳೆದಾಟದಲ್ಲಿ ನನ್ನ ರವಿಕೆಯ ತೋಳು ಮೇಲೆ ಸರಿಯಿತು. ಟೀಚರು ನನ್ನ ತೋಳನ್ನೇ ನೋಡಿದರು. "ಅಕ್ಕ, ಈ ಪೆಟ್ಟು ನನ್ನ ಅಂಕಣದ್ದಲ್ಲ" ಎಂದರು. ನಾನು ತೋಳು ಎಳೆದುಕೊಂಡೆ.

ನಿಮ್ಮ ಅಜ್ಜ ಮನೆಗಳ ಹೆಂಚಿನ ಮಾಡಿಗೆ ರೀಪು, ಅಂದರೆ ಮರದ ಪಟ್ಟಿ, ಹೊಡೆಯುವ ಕೆಲಸದವರು. ಕುಡಿಯುತ್ತಿರಲಿಲ್ಲ. ಕುಡಿದು ಹೊಡೆಯುತ್ತಾರೆ ಎಂದಿದ್ದರೆ ಜನರಿಗೆ ಅರ್ಥವಾಗುತ್ತಿತ್ತು. ಅವರು ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು ಹೊಡೆಯುತ್ತಿದ್ದರು. ಉಪ್ಪಿಗೆ ಹೊಡೆದರು, ಚಿಲಕಕ್ಕೆ ಹೊಡೆದರು, ಯಾರನ್ನೋ ನೋಡಿ ನಕ್ಕದ್ದಕ್ಕೆ ಹೊಡೆದರು. ಒಮ್ಮೆ ನನ್ನ ತಲೆಯನ್ನು ಅಕ್ಕಿ ಅರೆಯುವ ಕಲ್ಲಿಗೆ ಬಡಿದಿದ್ದರು. ಮಾಡಿನಿಂದ ಬಿದ್ದು ಅವರ ಬಲಗಾಲಿನ ಹರಡಿನಲ್ಲಿ ಒಂದು ಗಂಟು ಉಳಿದಿತ್ತು. ಅದಕ್ಕೆ ನಾನು ದಿನವೂ ಎಣ್ಣೆ ತಿಕ್ಕಬೇಕಿತ್ತು, ಪೆಟ್ಟು ತಿಂದ ದಿನವೂ.

ಮಗಳು ಚಡ್ಡಿ ತೊಟ್ಟು ಆಡುವುದು ಅವರಿಗೆ ತಿಳಿದಿರಲಿಲ್ಲ. ಅದನ್ನು ಶಾಲೆಯ ಸೌದೆ ಕೊಟ್ಟಿಗೆಯಲ್ಲೇ ಒಣಗಿಸುತ್ತಿದ್ದೆವು. ಮೂಡುಬಿದಿರೆಯಲ್ಲಿ ಆಡುವ ತಂಡಕ್ಕೆ ಅವಳು ಆಯ್ಕೆಯಾದಾಗ ಪೇಪರಿನಲ್ಲಿ ಫೋಟೊ ಬಂತು. ಗೂಡಂಗಡಿಯಲ್ಲಿ ಯಾರೋ ಅದನ್ನು ಅವರಿಗೆ ತೋರಿಸಿದರು.

ಆ ಸಂಜೆ ನಾನು ಮೂಲೆಯಲ್ಲಿ ನಿಂತಿದ್ದೆ. ಒಬ್ಬಳಿಗೆ ಜ್ವರ. ಗೇಟಿನಿಂದ ನಿಮ್ಮ ಅಜ್ಜ ಬಂದದ್ದು ಮೊದಲು ನನಗೇ ಕಂಡಿತು. ಕೈಯಲ್ಲಿ ರೀಪಿನ ತುಂಡು. ತುದಿಯಲ್ಲಿ ಕೀಳದೆ ಬಿಟ್ಟ ಮೊಳೆ. ನಾನು ಕೂಗುವಷ್ಟರಲ್ಲಿ ಅವರು ಗೆರೆ ದಾಟಿದರು.

"ತೊಡೆ ತೋರಿಸ್ತೀಯಾ ಊರಿಗೆ? ಇವತ್ತಿಗೆ ಮುಗಿಯಿತು ನಿನ್ನ ಶಾಲೆ!"

ಮೊದಲ ಪೆಟ್ಟು ನಿಮ್ಮ ಅಮ್ಮನ ಬೆನ್ನಿಗೆ ಬಿತ್ತು. ಅವಳು ಬಗ್ಗಿದಳು. ಎರಡನೆಯದು ಅವಳ ತಲೆಗೆ ಬೀಳಬೇಕಿತ್ತು. ಟೀಚರು ನಡುವೆ ನುಗ್ಗಿದರು. ಮೊಳೆ ಕಿವಿಗೆ ಕಚ್ಚಿತು. ನಿಮ್ಮ ಅಜ್ಜ ರೀಪನ್ನು ಹಿಂದಕ್ಕೆ ಎಳೆದಾಗ ಕಿವಿಯ ಮೇಲಿನ ಭಾಗವೂ ಬಂತು. ರಕ್ತ ಟೀಚರ ಕುತ್ತಿಗೆಯಿಂದ ವಿಸಿಲಿಗೆ, ವಿಸಿಲಿನಿಂದ ಸುಣ್ಣದ ಗೆರೆಗೆ ಇಳಿಯಿತು. ಅವರು "ಅಯ್ಯೋ" ಎನ್ನಲಿಲ್ಲ. ದಿನವೂ ಕೂಗುವಂತೆ ಕೂಗಿದರು:

"ಹಿಡಿ!"

ಹುಡುಗಿಯರು ಮುಖ ನೋಡಲಿಲ್ಲ. ಬೆನ್ನಿನ ಚರ್ಮ ಸುಲಿದಿದ್ದ ನಿಮ್ಮ ಅಮ್ಮನೂ ಸರಪಳಿಗೆ ಸೇರಿಕೊಂಡಳು. ನಾನು ಬಗ್ಗಿ ಕಾಲು ಹಿಡಿದೆ. ಹಿಡಿದ ಮೇಲೆ ಕೈಗೆ ಆ ಗಂಟು ಸಿಕ್ಕಿತು. ದಿನವೂ ಎಣ್ಣೆ ತಿಕ್ಕುತ್ತಿದ್ದ ಅದೇ ಕಾಲು. ಅವರು ಇನ್ನೊಂದು ಕಾಲಿನಿಂದ ನನ್ನ ಬಾಯಿಗೆ ಒದ್ದರು. ಮುಂದಿನ ಎರಡು ಹಲ್ಲು ನಾಲಗೆಯ ಮೇಲೆ ಬಿದ್ದವು. ಮತ್ತೆ ಒದ್ದರು. ಬಿಡಬೇಕೆಂದು ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಬಿಟ್ಟರೆ ಪೆಟ್ಟು ಯಾರಿಗೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ಮರದ ಹಾಗೆ ಮಗುಚಿ ಬಿದ್ದರು. ಮೇಲೆ ಏಳು ಮಂದಿ.

ಒಬ್ಬಳು ಆ ರೀಪನ್ನು ಹೊಡೆಯಲು ಎತ್ತಿದಳು. ಟೀಚರು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಅವಳ ಕೈ ತಡೆದರು. "ಬಿಸಾಡು ಅದನ್ನು. ಅವರು ಔಟ್. ಔಟಾದವರಿಗೆ ಹೊಡೆಯುವ ಆಟ ನಾನು ಕಲಿಸಲಿಲ್ಲ." ಆಮೇಲೆ, "ಯಾರಾದರೂ ಅವರಿಗೆ ನೀರು ಕೊಡಿ" ಎಂದರು. ನಿಮ್ಮ ಅಜ್ಜ ಕೊಟ್ಟ ನೀರಿನ ಚೊಂಬನ್ನು ಒದ್ದರು.

ಪೊಲೀಸರು ಅವರನ್ನು ಕರೆದೊಯ್ದು ಕೆಲವೇ ದಿನಗಳಲ್ಲಿ ಬಿಟ್ಟರು. ಅಜ್ಜ ಕತ್ತಿ ಹಿಡಿದು ನಮ್ಮನ್ನು ಹುಡುಕುತ್ತಿದ್ದಾರೆ ಎಂದು ಸುದ್ದಿ ಬಂತು. ಆಗ ತಂಡದ ಹುಡುಗಿಯರ ಮನೆಯವರು ನಮ್ಮನ್ನು ಸರದಿಯಲ್ಲಿ ಇಟ್ಟುಕೊಂಡರು. ಒಂದು ವಾರ ಬಂಟರ ಮನೆ, ಒಂದು ವಾರ ಬ್ಯಾರಿಗಳ ಮನೆ, ಒಂದು ವಾರ ಕ್ರಿಶ್ಚಿಯನ್ನರ ಮನೆ. ಈ ವಾರ ಎಲ್ಲಿ ಎಂಬುದು ಟೀಚರಿಗೆ ಮತ್ತು ಆಟೋ ಸ್ಟ್ಯಾಂಡಿನವರಿಗೆ ಮಾತ್ರ ಗೊತ್ತು. ಬ್ಯಾರಿಗಳ ಮನೆಯ ತಾಯಿ ನನಗೆ ಹಲ್ಲಿಲ್ಲವೆಂದು ಪತ್ತಿರಿ ಎಂಬ ಅಕ್ಕಿ ರೊಟ್ಟಿಯನ್ನು ಗಂಜಿಯಷ್ಟು ಮೆತ್ತಗೆ ನೆನೆಸಿ ಕೊಡುತ್ತಿದ್ದರು. ಪಾತ್ರೆಗೆ ಕೈ ಹಾಕಿದರೆ "ಹೀಗೇ ಕೂತಿರಿ, ನಿಮಗೆ ಬೇರೆ ಕೆಲಸ ಇಲ್ಲ" ಎಂದು ಗದರಿಸುತ್ತಿದ್ದರು.

ಮೂಡುಬಿದಿರೆಯಲ್ಲಿ ಗೆದ್ದರು ಎಂದು ಬರೆಯಲು ಆಸೆ. ಸೋತರು. ಆದರೆ ಹುಡುಗಿಯರ ಮನೆಯವರೆಲ್ಲರೂ ಟೆಂಪೊದಲ್ಲಿ ಬಂದಿದ್ದರು. ನಿಮ್ಮ ಅಮ್ಮ ಬೆನ್ನಿನ ಪಟ್ಟಿಯೊಂದಿಗೆ ಆಡಿದಳು. ತಲೆಗೆ ಪಟ್ಟಿ ಸುತ್ತಿಕೊಂಡ ಟೀಚರು ಗೆರೆಯ ಹೊರಗೆ ನಿಂತು ಬೈದ ಬೈಗುಳಕ್ಕೆ ಎದುರು ತಂಡದವರೂ ನಗುತ್ತಿದ್ದರು.

ಅಜ್ಜ ಆಮೇಲೆ ಚಾರ್ಮಾಡಿ ದಾಟಿ ಘಟ್ಟದ ಮೇಲೆ ಕೆಲಸಕ್ಕೆ ಹೋದರು. ಕೆಲವು ವರ್ಷಗಳ ನಂತರ ಅಲ್ಲಿಂದ ಅವರ ಸಾವಿನ ಸುದ್ದಿ ಮಾತ್ರ ಬಂತು. ನಾನು ಅತ್ತೆ. ಯಾಕೆಂದು ಇನ್ನೂ ಗೊತ್ತಿಲ್ಲ.

ಟೀಚರು ಕಳೆದ ಮಳೆಗಾಲದಲ್ಲಿ ಮುಂಡಾಜೆಯಲ್ಲಿ ತೀರಿಕೊಂಡರು. ಚಟ್ಟದ ಸುತ್ತ ಅವರ ಹುಡುಗಿಯರೇ ಬಂದು ನಿಂತರು. ಟೀಚರ ಅಣ್ಣನವರು ತಡೆದರು. "ಹೆಂಗಸರು ಹೊರುವ ಕ್ರಮ ನಮ್ಮಲ್ಲಿ ಇಲ್ಲ."

"ಹೊರುವುದಲ್ಲ ಮಾವ, ಹಿಡಿಯುವುದು" ಎಂದಳು ನಿಮ್ಮ ಅಮ್ಮ. "ಅವರೇ ಕಲಿಸಿದ್ದು."

ಅಣ್ಣನವರು ಬದಿಗೆ ಸರಿದರು. ನಾನು ಎಂದಿನಂತೆ ಹಿಂದೆ, ಜಗಲಿಯ ಕಂಬದ ಮರೆಯಲ್ಲಿ ಇದ್ದೆ. ಅವಳು ನನ್ನ ಕಡೆ ತಿರುಗಿದಳು.

"ಅಮ್ಮ, ಒಂದು ಕೈ ಕಡಿಮೆ ಉಂಟು."

ಕಾಲಿನ ಬದಿಯ ಮೂಲೆ ಖಾಲಿ ಇತ್ತು. ಸೀರೆ ಎತ್ತಿ ಸಿಕ್ಕಿಸಿ ಹೋಗಿ ಹಿಡಿದೆ. ಕೆಸರು ದಾರಿಯಲ್ಲಿ ಇಬ್ಬರು ಗಂಡಸರು ಬಂದು, "ಕೊಡಿ ಅಮ್ಮ, ನಿಮಗೆ ಆಗ್ಲಿಕ್ಕಿಲ್ಲ" ಎಂದರು.

ಸುಡುವ ಜಾಗ ಬರುವವರೆಗೂ ಬಿಡಲಿಲ್ಲ.