ಕೊಂಕಣಿ ತಿಳಿಯುತ್ತಿದ್ದ ನಾಯಿ

ಮೊನ್ನೆ ಬೆಳಿಗ್ಗೆ ನೈರೋಬಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒದ್ದೆ ನಾಯಿಯ ವಾಸನೆ ತುಂಬಿತ್ತು. ಮೇಲಿನ ಮಹಡಿಗೆ ಹೊಸದಾಗಿ ಬಂದವರು ನಾಯಿ ಸಾಕಿದ್ದಾರೆ. ಸೋನೆಯಲ್ಲಿ ಸುತ್ತಾಡಿಸಿ ಕರೆತಂದಿರಬೇಕು. ನಾನು ಗುಂಡಿ ಒತ್ತುವುದನ್ನೇ ಮರೆತು ನಿಂತುಬಿಟ್ಟೆ. ಎದುರು ಮನೆಯ ಅಕ್ಕನ ಕಾರಿನಲ್ಲಿ ಇದೇ ವಾಸನೆ ಇರುತ್ತಿತ್ತು... ಜುಲೈ ತಿಂಗಳ ಶನಿವಾರಗಳಲ್ಲಿ.

ಇಲ್ಲಿ ಜುಲೈ ಅಂದರೆ ಚಳಿಗಾಲ ಎಂದು ಹೇಳಿದರೆ ಬೆಂಗಳೂರಿನಲ್ಲಿ ಯಾರೂ ನಂಬುವುದಿಲ್ಲ. ದಿನಗಟ್ಟಲೆ ಬಿಸಿಲು ಮುಖ ತೋರಿಸುವುದಿಲ್ಲ. ಒಗೆದ ಬಟ್ಟೆ ಹಸಿಯಾಗಿಯೇ ನೇತಾಡುತ್ತಿರುತ್ತದೆ. ಗಂಡನ ಟೆಲಿಕಾಂ ಕೆಲಸದ ಹಿಂದೆ ಇಲ್ಲಿನ ಕಿಲೆಲೆಶ್ವಾ ಬಡಾವಣೆಗೆ ಬಂದ ಮೊದಲ ವರ್ಷ, ಅಂಥದೊಂದು ಬೆಳಿಗ್ಗೆ ನಾನು ಮಗಳ ಒಣಗದ ಯೂನಿಫಾರ್ಮ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅತ್ತಿದ್ದೆನೋ ಏನೋ, ಮುಖ ನೋಡಿದರೆ ತಿಳಿಯುವ ಹಾಗಿತ್ತು. ಎದುರು ಮನೆಯ ಬಾಗಿಲು ತೆರೆದು ನಾಯಿಯೊಂದು ಹೊರಬಂತು, ಅದರ ಹಿಂದೆ ಅಕ್ಕ.

"ಮನೆಯೊಳಗೇ ಕೂತ್ರೆ ಹುಚ್ಚು ಹಿಡೀತದೆ ಮಾರಾಯ್ತಿ. ಸ್ವೆಟರ್ ಹಾಕ್ಕೊ, ಕಾಡಿಗೆ ಹೋಗುವ" ಎಂದರು. ಅವರು ಕನ್ನಡದವರೆಂದು ನನಗೆ ಗೊತ್ತಾದದ್ದೇ ಆಗ.

ಕುಂದಾಪುರದ ಕಡೆಯವರು, ಮನೆಮಾತು ಕೊಂಕಣಿ. ಮದುವೆಯಾಗಿರಲಿಲ್ಲ, ಐವತ್ತು ದಾಟಿತ್ತು. ಒಂದು ವಿದೇಶಿ ಸಂಸ್ಥೆಯಲ್ಲಿ ಕೆಲಸ. ಈ ದೇಶದ ಉತ್ತರದ ಒಣಭೂಮಿಯಲ್ಲಿ ಸೊರಗಿದ ಕೂಸುಗಳನ್ನು ತೂಗಿ, ಪೌಷ್ಟಿಕ ಆಹಾರ ಕೊಟ್ಟು ಬದುಕಿಸುವ ಕೇಂದ್ರಗಳನ್ನು ನಡೆಸುವುದು. ಮೊದಲೆಲ್ಲ ಅಲ್ಲೇ ಗುಡಾರದಲ್ಲಿ ಇದ್ದವರು, ಆಮೇಲೆ ನೈರೋಬಿಯ ರಿವರ್‌ಸೈಡಿನ ಆಫೀಸಿನಿಂದ ನೋಡಿಕೊಳ್ಳುತ್ತಿದ್ದರು. ನಾಯಿ ಅವರಿಗೆ ವೆಸ್ಟ್‌ಲ್ಯಾಂಡ್ಸ್‌ನ ಮಟಾಟು ವ್ಯಾನುಗಳ ನಿಲ್ದಾಣದ ಬಳಿ ಕಾಲು ಮುರಿದುಕೊಂಡು ಬಿದ್ದಿದ್ದ ಮರಿಯಾಗಿ ಸಿಕ್ಕಿದ್ದಂತೆ. ಅದಕ್ಕೆ ಹೆಸರಿಟ್ಟಿರಲಿಲ್ಲ. ಅವ್ವನ ಜೊತೆ ಫೋನಿನಲ್ಲಿ ಆಡುತ್ತಿದ್ದ ಕೊಂಕಣಿಯನ್ನೇ ಅದರ ಜೊತೆಗೂ ಆಡುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಈ ಊರಿನಲ್ಲಿ ಅವರ ಕೊಂಕಣಿಗೆ ಉಳಿದದ್ದು ನಾಯಿಯೊಂದೇ. ಯಾರು ಯಾವ ಭಾಷೆಯಲ್ಲಿ ಕರೆದರೂ ಕಿವಿ ಅಲ್ಲಾಡಿಸದ ಪ್ರಾಣಿ, ಅಕ್ಕ "ಯೋ ಪೂತಾ", ಬಾ ಮಗನೇ, ಎಂದರೆ ಕುಂಟು ಕಾಲಿನಲ್ಲೇ ಓಡಿ ಬರುತ್ತಿತ್ತು.

ಹೀಗೆ ಶನಿವಾರಗಳಲ್ಲಿ ನಾವು ಮೂವರೂ ಕರೂರಾ ಕಾಡಿಗೆ ಹೋಗುತ್ತಿದ್ದೆವು. ಮೊದಲು ನೀಲಗಿರಿ ಮರಗಳ ಸಾಲು, ಮಂಜಿನಲ್ಲಿ ತುದಿ ಕಾಣದಷ್ಟು ಎತ್ತರ. ಅದು ಮುಗಿದರೆ ಕುರುಚಲು ಗಿಡಗಳ ಬಯಲು. ಮೊಣಕಾಲಿನವರೆಗೆ ಹುಲ್ಲು, ಪ್ಯಾಂಟೆಲ್ಲ ಒದ್ದೆ. ಆಮೇಲೆ ಹಳೆಯ ಕಾಡು, ಕೆಳಗೆ ಇಳಿದರೆ ಕೊಳ. ಅಕ್ಕ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೊಮ್ಮೆ ಯಾವುದೋ ಕೂಸಿನ ಸುದ್ದಿ ಹೇಳುತ್ತಿದ್ದರು... ಕಣ್ಣು ಬಿಡಲಾರದೆ ಬಂದದ್ದು, ಈಗ ತಾಯಿಯ ಮೂಗುತಿ ಹಿಡಿದು ಎಳೆಯುತ್ತದಂತೆ ಎಂದು. ಆ ದಿನಗಳಲ್ಲಿ ಅವರ ನಡಿಗೆಯೇ ಬೇರೆ ಇರುತ್ತಿತ್ತು. ನಾನು ಹಿಂದೆ ಬೀಳುತ್ತಿದ್ದೆ.

ಒಂದು ವರ್ಷ, ಹಣ ಕೊಡುತ್ತಿದ್ದ ದೂರದ ದೇಶ ಕೈ ಎತ್ತಿಬಿಟ್ಟಿತು. ಎಚ್ಚರಿಕೆ ಇಲ್ಲ, ಸಮಯ ಇಲ್ಲ. ಉತ್ತರದ ಕೇಂದ್ರಗಳಿಗೆ ಬೀಗ ಬಿತ್ತು. ಅಕ್ಕನ ಕೆಲಸ ಹೋಯಿತು. ಕೆಲಸದ ಜೊತೆ ಈ ದೇಶದಲ್ಲಿರುವ ಪರವಾನಗಿಯೂ, ಸಂಸ್ಥೆ ಕೊಟ್ಟಿದ್ದ ಮನೆಯೂ ಹೋಯಿತು. ಅವರು ಊರಿಗೆ ಹೊರಡಲೇಬೇಕಾಯಿತು.

ನಾಯಿಗೆ ಆಗ ಮುಪ್ಪು. ಹೃದಯ ದುರ್ಬಲ. ವಿಮಾನದ ಸಾಮಾನಿನ ಗೂಡಿನಲ್ಲಿ ಅದು ಬದುಕಿ ಉಳಿಯುವುದಿಲ್ಲ ಎಂದು ಪಶುವೈದ್ಯೆ ಹೇಳಿದರು. ನಮ್ಮ ಮಗಳಿಗೆ ಉಬ್ಬಸ. ಅಕ್ಕನಿಗೆ ಅದು ಗೊತ್ತಿತ್ತು, ನನ್ನನ್ನು ಕೇಳಲೇ ಇಲ್ಲ. ಊರಾಚೆಯ ತೋಟದ ಮನೆಯವರೊಬ್ಬರು ಒಪ್ಪಿ ಕರೆದುಕೊಂಡು ಹೋದರು. ಅಲ್ಲಿ ಅದು ಗೇಟಿನ ಬಳಿ ಮಲಗಿದ್ದು ಏಳಲಿಲ್ಲ, ನೀರೂ ಮುಟ್ಟಲಿಲ್ಲ. ಪಾಪ, ಅವರು ಕಣ್ಣೀರು ಹಾಕಿಕೊಂಡೇ ವಾಪಸು ತಂದುಬಿಟ್ಟರು. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಕೊನೆಯ ಶನಿವಾರ ನಾವು ಹೋದಾಗ ಮಂಜು ನೆಲದ ಮೇಲೆಯೇ ಕೂತಿತ್ತು. ನಾಯಿ ನಾಲ್ಕು ಹೆಜ್ಜೆ ನಡೆದು ಮಲಗುತ್ತಿತ್ತು. ಅಕ್ಕ ಅದು ಏಳುವವರೆಗೆ ನಿಲ್ಲುತ್ತಿದ್ದರು. ಬಯಲು ದಾಟಿದ ಮೇಲೆ ಎತ್ತಿಕೊಂಡೇ ನಡೆದರು, ನನಗೆ ಕೊಡಲಿಲ್ಲ. ಕೊಳದ ದಡದಲ್ಲಿ ಇಳಿಸಿದಾಗ ಅದು ಹೋಗಿ ಮುಂಗಾಲು ನೀರಿನಲ್ಲಿಟ್ಟು ನಿಂತಿತು.

"ಇದಕ್ಕೊಂದು ಮನೆ ಸಿಗ್ಲಿ ಅಂತ ಎಷ್ಟು ಜನಕ್ಕೆ ಫೋನ್ ಮಾಡಿದೆ ಗೊತ್ತುಂಟಾ?" ಎಂದರು ಅಕ್ಕ. "ಆ ಮಕ್ಕಳಿಗೋಸ್ಕರ ಒಂದು ಫೋನೂ ಮಾಡ್ಲಿಕ್ಕೆ ಆಗ್ಲಿಲ್ಲ. ಯಾರಿಗೆ ಮಾಡುದು ಅಂತಲೇ ಗೊತ್ತಿಲ್ಲ."

ಕೊಳದ ಆಚೆ ಹಕ್ಕಿಯೊಂದು ಕರ್ಕಶವಾಗಿ ಕೂಗುತ್ತಲೇ ಇತ್ತು...

ವಾಪಸು ಬರುವಾಗ ಗೇಟಿನ ಕಾವಲುಗಾರ ನಾಯಿಯ ತಲೆ ಸವರಿ, "ಕರಿಬು ತೇನಾ, ಮಾಮಾ" ಎಂದ. ಮತ್ತೆ ಬನ್ನಿ ಅಮ್ಮ ಎಂದು ಎಲ್ಲರಿಗೂ ಹೇಳುವ ಮಾತು. ಅಕ್ಕ "ಅಸಾಂಟೆ" ಎಂದು ಧನ್ಯವಾದ ಹೇಳಿ ಕಾರು ಹತ್ತಿದರು.

ಮಧ್ಯಾಹ್ನ ಪಶುವೈದ್ಯೆ ಮನೆಗೇ ಬಂದರು. ಪೆಟ್ಟಿಗೆಗಳು ತುಂಬಿದ್ದ ಹಾಲ್‌ನಲ್ಲಿ ಅಕ್ಕ ನೆಲದ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸೂಜಿ ಚುಚ್ಚುವಾಗ ಅದರ ಕಿವಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು. ನನಗೆ ಅರ್ಥವಾಗಲಿಲ್ಲ, ಅದಕ್ಕೆ ಆಗುತ್ತಿತ್ತು. ಮಾತು ನಿಲ್ಲುವ ಮೊದಲೇ ಅದರ ಬಾಲ ನಿಂತಿತು. ವೈದ್ಯೆ ಅದನ್ನು ಕಂಬಳಿಯಲ್ಲಿ ಸುತ್ತಿ ಒಯ್ದ ಮೇಲೆ, ಅಕ್ಕ ಅದರ ಊಟದ ತಟ್ಟೆಯನ್ನು ಸೋಪು ಹಾಕಿ ತೊಳೆದರು, ಬಟ್ಟೆಯಲ್ಲಿ ಒರೆಸಿದರು, ಆಮೇಲೆ ಕಸದ ಡಬ್ಬಕ್ಕೆ ಹಾಕಿದರು. ಅಳಲಿಲ್ಲ. ಮರುದಿನ ಏರ್‌ಪೋರ್ಟಿನಲ್ಲಿ ಕೂಡ ಅಳಲಿಲ್ಲ.

ಲಿಫ್ಟಿನಿಂದ ಬಂದವಳೇ ಅವರಿಗೆ ಫೋನ್ ಮಾಡಿದೆ. ಬಹಳ ಕಾಲದ ಮೇಲೆ. ತಂಗಿಯ ಮನೆಯಲ್ಲಿದ್ದಾರೆ. ಕೆಲಸ ಹುಡುಕುತ್ತಿಲ್ಲ. ವಾಕಿಂಗ್ ಹೋಗುತ್ತೀರಾ ಎಂದೆ; ಇಲ್ಲ ಎಂದರು. ನೈರೋಬಿಯ ಬಗ್ಗೆ ಏನೂ ಕೇಳಲಿಲ್ಲ. ಅಳುತ್ತಾ ನಿಂತ ಅಪರಿಚಿತಳನ್ನು ಸ್ವೆಟರ್ ಹಾಕಿಸಿ ಕಾಡಿಗೆ ಕರೆದೊಯ್ದ ಹೆಂಗಸು ಆ ದನಿಯಲ್ಲಿ ಇರಲಿಲ್ಲ. ಅವರು ಎಲ್ಲಿ ಉಳಿದುಹೋದರೋ... ಇನ್ನು ನನಗೆ ಸಿಗುವುದಿಲ್ಲ ಎಂದು ಮಾತ್ರ ಖಚಿತವಾಯಿತು.

ಫೋನ್ ಇಡಬೇಕು ಎನ್ನುವಾಗ ಅವರೇ ಅಂದರು, "ಉತ್ತರದ ನಮ್ಮ ನರ್ಸ್ ಮೆಸೇಜ್ ಮಾಡಿದ್ಲು. ತಾಯಂದಿರು ಇನ್ನೂ ಬರ್ತಾರಂತೆ. ಗುರುವಾರ ಗುರುವಾರ, ತೂಕ ನೋಡ್ತಿದ್ದ ದಿನ. ಬೀಗ ಹಾಕಿದ ಬಾಗಿಲಿನ ಮುಂದೆ ಮಕ್ಕಳನ್ನು ಮಲಗಿಸಿಕೊಂಡು ಸಂಜೆವರೆಗೆ ಕೂತಿದ್ದು ಹೋಗ್ತಾರಂತೆ."

"ಮುಚ್ಚಿದೆ ಅಂತ ಯಾರೂ ಹೇಳ್ಲಿಲ್ವಾ ಅಕ್ಕ ಅವರಿಗೆ?"

"ಹೇಳಿದ್ದಾರೆ. ಗೊತ್ತುಂಟು ಅವರಿಗೆ. ಮತ್ತೆಲ್ಲಿಗೆ ಹೋಗುದು ಹೇಳು."