ಮಲ್ಲೇಶಿ ಕಾಕಾ ಮತ್ತು ಕಡ್ಲಿ ಹೊಲ

ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ಸುಲಗಾಯಿಯ ಸಿವುಡು ಹರವಿಕೊಂಡು ಕೂತಿದ್ದಳು. ಒಂದನ್ನು ಕೊಂಡು ಹಸಿ ಕಡ್ಲಿ ಬಿಡಿಸುತ್ತಿದ್ದಂತೆ ಬೆರಳಿಗೆ ಹತ್ತಿದ ಆ ಹುಳಿ ವಾಸನೆಗೆ ನಾನು ಮತ್ತೆ ಬೇವೂರಿನ ನಮ್ಮ ಹೊಲದಲ್ಲಿದ್ದೆ; ಕಡ್ಲಿ ಗಿಡಗಳ ನಡುವೆ ಒಂದು ಕಾಲು ಎತ್ತಿ ನಿಂತ ಸಣ್ಣ ಹುಡುಗಿ.

ಮಲ್ಲೇಶಿ ಕಾಕಾ ಅಪ್ಪನ ತಮ್ಮ. ಯುದ್ಧ ಮುಗಿಸಿ ಊರಿಗೆ ಬಂದಾಗ ಅವನ ಕೈಕಾಲು ನೆಟ್ಟಗಿದ್ದವು. ಆಯಿ ಮಗನ ಮೈಯೆಲ್ಲ ತಡವಿ ನೋಡಿ ದೇವರಿಗೆ ಕಾಯಿ ಒಡೆಸಿದಳು. ಹಿಂದೆಲ್ಲ ರಜೆಗೆ ಬಂದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಊರು ಸುತ್ತುತ್ತಿದ್ದವನು ಈಗ ಮನೆಯ ಮುಂದಿನ ಕಟ್ಟೆ ಬಿಟ್ಟು ಇಳಿಯುತ್ತಿರಲಿಲ್ಲ. ಹೋಗಲೇಬೇಕಾದರೆ ಬಂಡಿಯ ಗಾಲಿ ಹಾದ ಜಾಡಿನಲ್ಲೇ ಹೆಜ್ಜೆ ಇಡುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಮಾಗಿಯ ಮುಂಜಾನೆಗಳಲ್ಲಿ ನಾವೆಲ್ಲ ಹೊಲಕ್ಕೆ ಹೋದ ಮೇಲೆ ಕಾಲು ಮೇಲೆತ್ತಿಕೊಂಡು ಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತಿದ್ದ.

ಒಂದು ದಿನ ಅವ್ವ ಒತ್ತಾಯ ಮಾಡಿ ಅವನನ್ನು ಬಂಡಿಯಲ್ಲಿ ಹೊಲಕ್ಕೆ ಕರೆತಂದಳು. ಇಳಿದವನು ದಾರಿಯಲ್ಲೇ ನಿಂತ. ನಾನು ಆಡಿನ ಮರಿಯ ಬೆನ್ನು ಹತ್ತಿ ಹೊಲದೊಳಗೆ ಓಡಿದೆ.

"ನಿಂದ್ರು! ನೀಲಾ, ಕಾಲು ಊರಬ್ಯಾಡ!"

ಅಂಥ ದನಿ ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. ಎತ್ತಿದ ಕಾಲು ಎತ್ತಿದಂತೆಯೇ ನಿಂತೆ. ಹಾವಿರಬೇಕು ಎಂದುಕೊಂಡೆ. ಕಾಕಾ ಬೋರಲು ಬಿದ್ದು ನನ್ನತ್ತ ತೆವಳತೊಡಗಿದ್ದ. ಕೈಯಲ್ಲೊಂದು ಕಡ್ಡಿ. ಅದನ್ನು ಎರೆಮಣ್ಣಿಗೆ ಓರೆಯಾಗಿ ಚುಚ್ಚುವುದು, ಉಸಿರು ಬಿಡುವುದು, ಒಂದು ಗೇಣು ಮುಂದೆ ಬರುವುದು. ಬದುವಿನ ಮೇಲೆ ರೊಟ್ಟಿಗೆ ಕೂತಿದ್ದ ಆಳುಗಳಲ್ಲಿ ಯಾರೋ ನಕ್ಕರು. "ಯಾರೂ ಅಳ್ಳಾಡಬ್ಯಾಡ್ರಿ," ಎಂದಳು ಆಯಿ. ನಗೆ ಅಲ್ಲಿಗೇ ನಿಂತಿತು. ನನ್ನ ಕಾಲು ನಡುಗಿ ಸೋತು ಕೆಳಗಿಳಿಯತೊಡಗಿತು. ಬೆರಳು ಮಣ್ಣಿಗೆ ತಾಗಿದಾಗ ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ.

ಕೊನೆಗೆ ಅವನ ಕೈ ನನ್ನ ಪಾದ ಮುಟ್ಟಿತು. ನನ್ನನ್ನು ಬೆನ್ನಿಗೆ ಹಾಕಿಕೊಂಡು, ತಾನು ತೆವಳಿ ಬಂದ ಜಾಡಿನಲ್ಲೇ ದಾರಿಗೆ ತಂದು ಇಳಿಸಿದ. ಆಮೇಲೆ ಖಾಲಿ ಹೊಲದ ಕಡೆ ತಿರುಗಿ ಕೇಳಿದ: "ಇನ್ನೊಬ್ಬಾಂವ ಎಲ್ಲಿ ಅದಾನ?"

ಆಯಿ ಮಗನ ಮುಖವನ್ನೇ ನೋಡಿದಳು. "ಅಂವಾ ಆಗಲೇ ಮನಿಗೆ ಹೋದನಪಾ."

"ಖರೆ?"

"ಖರೆ."

ಕಾಕಾ ಧೂಳಿನಲ್ಲೇ ಕುಕ್ಕರಿಸಿ ಅತ್ತ. ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನೂ, ಮುಂದೆ ನಡೆಯುತ್ತಿದ್ದ ಗೆಳೆಯ ಅಂಥದೊಂದರ ಮೇಲೆ ಕಾಲಿಟ್ಟದ್ದನ್ನೂ ಅವನು ಬಾಯಿಬಿಟ್ಟು ಹೇಳಿದ್ದು ಅಂದೇ.

ಮುಂದೆ ಅವನು ಮಹಾಕೂಟಕ್ಕೆ ಹೋಗಿ, ಗುಡಿಯ ಅಂಗಳ ಗುಡಿಸುತ್ತ ಕಡೆತನಕ ಅಲ್ಲೇ ಉಳಿದ. ಅಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲುಹಾಸು. ನಾನು ಹೋದಾಗ ಬರಿಗಾಲಲ್ಲಿ ಸರಸರ ಓಡಾಡಿ ಹೊಂಡ ತೋರಿಸುತ್ತಿದ್ದ, ನಗುತ್ತಿದ್ದ. ಆಯಿ ತೀರಿದ ಮೇಲೆ ನಮ್ಮ ಹೊಲ ಬೇರೆಯವರ ಪಾಲಾಯಿತು. ಅವನನ್ನು ನೋಡಲು ಹೋಗುವವಳು ನಾನೊಬ್ಬಳೇ ಉಳಿದೆ. ಪ್ರತಿ ಸಲವೂ ಕಲ್ಲುಹಾಸು ಮುಗಿಯುವಲ್ಲಿ ನಿಂತುಬಿಡುತ್ತಿದ್ದ. "ನೀ ಹೋಗವಾ, ನಾ ಇಲ್ಲಿಂದನ ನೋಡ್ತೇನಿ." ಬಸ್ಸು ತಿರುಗುವಲ್ಲಿ ಹೊರಳಿ ನೋಡಿದರೆ, ಕಲ್ಲಿನ ಅಂಚಿಗೆ ಕಾಲ್ಬೆರಳು ಜೋಡಿಸಿ, ಹಣೆಗೆ ಕೈ ಅಡ್ಡ ಹಿಡಿದು, ಅವನು ನಿಂತೇ ಇರುತ್ತಿದ್ದ.